ಕೊನೆಯ ತೂಬಿನ ಪುಟ

೫ ಏಪ್ರಿಲ್ ೧೯೯೯, ಸೋಮವಾರ. ಸಿಂಧನೂರು

ಕೆಲಸ ಬಂದಿದೆ. ಅದರ ಗಾತ್ರ ನೋಡಿದರೆ ಬೇಡ ಎನ್ನಬೇಕಿತ್ತು. ಆದರೂ ಒಪ್ಪಿಕೊಂಡೆ.

ಕಾಲುವೆಯ ಕೈಪಿಡಿ. ತಲೆಗೇಟಿನಿಂದ ಕೊನೆಯ ತೂಬಿನವರೆಗೆ ಪ್ರತಿಯೊಂದು ಗೇಟು, ಅದರ ತಿರುಪು, ತಿರುಪಿಗೆ ಹಚ್ಚುವ ಗ್ರೀಸು, ಅದು ಬಿಡುವ ನೀರು, ನೀರಿನ ಪಾಳಿ, ಎಲ್ಲ ಒಂದೇ ಪುಸ್ತಕದಲ್ಲಿ. ಹೈದರಾಬಾದಿನ ಯಾವುದೋ ಕಂಪನಿ ಇದನ್ನೆಲ್ಲ ಟೈಪು ಮಾಡಿ ಸಿ.ಡಿ.ಯಲ್ಲಿ ತುಂಬಿ ಕಳಿಸಿದೆ. ಅದನ್ನು ಪುಟಗಳಾಗಿ ಕಟ್ಟಿ ಅಚ್ಚು ಹಾಕಿ ಕೊಡುವುದು ನನ್ನ ಪ್ರೆಸ್ಸಿನ ಪಾಲು. ಮಳೆಗಾಲಕ್ಕೆ ಕಾಲುವೆಗೆ ನೀರು ಬಿಡುವ ಮುಂಚೆ ಪುಸ್ತಕ ಬೇಕು. ಎಂಜಿನಿಯರ್ ಸಾಹೇಬರು ರೈತರ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದರು: ಈ ವರ್ಷದಿಂದ ಪುಸ್ತಕದಲ್ಲಿರುವ ತೂಬು ಮಾತ್ರ ಸಕ್ರಮ, ಇಲ್ಲದ್ದಕ್ಕೆ ಸಿಮೆಂಟು.

ಆ ಮಾತು ಕೇಳಿಯೇ ನಾನು ಈ ಕೆಲಸ ಹಿಡಿದದ್ದು. ನಾನು ಹುಟ್ಟಿದ ಗೋಸಲದಿನ್ನಿ ಮಸ್ಕಿಯ ಆಚೆ, ಕಾಲುವೆಯ ಕಟ್ಟಕಡೆಯ ತೂಬಿನ ಊರು. ಬಾವಿ ತೋಡಿದರೆ ಉಪ್ಪುನೀರು. ಊರ ಕುಡಿಯುವ ಕೆರೆ ತುಂಬುವುದು ಆ ತೂಬಿನಿಂದಲೇ. ಕಾಲುವೆ ತೋಡುವಾಗ ನಮ್ಮೂರಿನವರೂ ಮಣ್ಣಿನ ಬುಟ್ಟಿ ಹೊತ್ತಿದ್ದರು. ಆದರೆ ನೀರು ಬಿಟ್ಟ ಮೊದಲ ವರ್ಷಗಳಲ್ಲಿ ನಮ್ಮಲ್ಲಿಗೆ ಬಂದದ್ದು ಬರೀ ತೇವ. ಅಪ್ಪ ಅರ್ಜಿ ಹಿಡಿದು ಲಿಂಗಸೂಗೂರಿಗೆ ಹೋದಾಗ ನಾನೂ ಜೊತೆಗಿದ್ದೆ. ಕುರ್ಚಿಯಲ್ಲಿದ್ದವನು ಅರ್ಜಿ ಬಿಡಿಸಿಯೂ ನೋಡಲಿಲ್ಲ. "ಮೊದಲ ಮ್ಯಾಲಿನವ್ರದ್ದು ಆಗ್ಲಿ. ಉಳದ್ರ ನಿಮ್ಮದು ನೋಡೋಣ" ಎಂದ. ಅಪ್ಪ ವಾಪಸು ಬರುವ ಬಸ್ಸಿನುದ್ದಕ್ಕೂ ಆ ಅರ್ಜಿಯನ್ನು ಬಿಡಿಸುತ್ತ ಮಡಚುತ್ತ ಕೂತಿದ್ದರು. ನಿಜಾಮನ ಆಳುಗಳ ದಬ್ಬಾಳಿಕೆ ಕಂಡವರು ಅವರು, ರಜಾಕಾರರ ದಿನಗಳಲ್ಲಿ ಮೂರೂರು ತಿರುಗಿ ಬದುಕಿದವರು. ಅವರ ಮೋರೆ ಅಷ್ಟು ಬಿದ್ದದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ಸರಕಾರ ಬದಲಾಗಬಹುದು, ಕುರ್ಚಿ ಮಾತ್ರ ಕೂತವನಿಗೆ ಅದೇ ಮಾತು ಕಲಿಸುತ್ತದೆ.

ಈ ಸಲ ನಮ್ಮೂರಿನ ತೂಬು ಅಚ್ಚಿನಲ್ಲಿ ಬರುತ್ತದೆ. ಅದೂ ನನ್ನ ಕೈಯಿಂದ.

೯ ಏಪ್ರಿಲ್, ಶುಕ್ರವಾರ

ಬೆಳಿಗ್ಗೆ ಫೈಲು ಕಂಪ್ಯೂಟರಿಗೆ ಹಾಕಿದೆವು. ಚಹಾ ಬರುವಷ್ಟರಲ್ಲಿ ಮೌಸು ಕೂಡ ಅಲುಗಾಡದಂತಾಯಿತು. ಆಮೇಲೆ ಒಂದು ಸಣ್ಣ ಚೌಕ ಎದ್ದು ಬಂತು: ಮೆಮೊರಿ ಸಾಲದು.

"ಯಾಕಬೇ, ಏನಾತು ಇದಕ?" ಎಂದೆ.

"ಹೊಟ್ಟಿ ತುಂಬೇದರೀ ಕಾಕಾ. ಅದಕ್ಕ ತೇಗು ಬಂದದ" ಎಂದಳು ಮೆಹರಬಾನು. ನನ್ನ ಪ್ರೆಸ್ಸಿನಲ್ಲಿ ಬದುಕೆಲ್ಲ ಅಚ್ಚುಮೊಳೆ ಜೋಡಿಸಿದ ಜಿಲಾನಿಸಾಬನ ಮಗಳು. ಮೊಳೆ ಹೋಗಿ ಕಂಪ್ಯೂಟರು ಬಂದ ಮೇಲೆ ಅಪ್ಪನ ಜಾಗಕ್ಕೆ ಅವಳು ಬಂದಳು. ಅಪ್ಪ ಮಾತಾಡುತ್ತಿರಲಿಲ್ಲ. ಇವಳು ಸುಮ್ಮನಿರುವುದಿಲ್ಲ.

ಅವಳಿಂದ ತಿಳಿದುಕೊಂಡದ್ದು ಇಷ್ಟು. ಎಕ್ಸ್‌ಎಂಎಲ್ ಎಂಬ ಈ ಹೊಸ ಪದ್ಧತಿಯಲ್ಲಿ ಪ್ರತಿ ಸಂಗತಿಗೂ ಆಚೆ ಈಚೆ ಒಂದೊಂದು ಚೀಟಿ ಇರುತ್ತದೆ: ಇಲ್ಲಿಂದ ಗೇಟು ಶುರು, ಇಲ್ಲಿಗೆ ಮುಗಿಯಿತು. ಕಾಲುವೆಯ ಚೀಟಿಯೊಳಗೆ ಉಪಕಾಲುವೆ, ಅದರೊಳಗೆ ಸೀಳುಗಾಲುವೆ, ಅದರೊಳಗೆ ತೂಬು. ಹೈದರಾಬಾದಿನವರು ಕೊಟ್ಟ ಪ್ರೋಗ್ರಾಮು ಒಂದು ಪುಟ ಬರೆಯಬೇಕಾದರೂ ಮೊದಲು ಇಡೀ ಕಾಲುವೆಯನ್ನು ತನ್ನೊಳಗೆ ನಿಲ್ಲಿಸಿಕೊಳ್ಳಬೇಕಂತೆ. ನಮ್ಮ ಯಂತ್ರಕ್ಕೆ ಅಷ್ಟು ಜಾಗವಿಲ್ಲ.

ಇದನ್ನು ಮಾಡಿದವರಿಗೆ ಯಾರೂ ಅಚ್ಚುಕೂಟ ತೋರಿಸಿರಲಿಲ್ಲವೆ? ನಮ್ಮಲ್ಲಿ ಮೊಳೆ ಯಾವಾಗಲೂ ಕಮ್ಮಿ. ಒಂದು ಪುಟ ಜೋಡಿಸು, ಅಚ್ಚು ಹಾಕು, ಬಿಚ್ಚು, ಅದೇ ಮೊಳೆಯಿಂದ ಮುಂದಿನ ಪುಟ ಕಟ್ಟು. ಆ ಲೆಕ್ಕದಲ್ಲೇ ನಾವು ದೊಡ್ಡ ಪುರಾಣಗಳನ್ನು ಅಚ್ಚು ಹಾಕಿದ್ದೇವೆ. ಪುರಾಣದ ಪ್ರತಿ ಪುಟವನ್ನೂ ಒಮ್ಮೆಗೇ ಕಟ್ಟಿ ನಿಲ್ಲಿಸು ಎಂದಿದ್ದರೆ ಜಿಲಾನಿಸಾಬ ಮೊಳೆಯ ಪೆಟ್ಟಿಗೆಯನ್ನು ನನ್ನ ತಲೆಯ ಮೇಲೆ ಬೋರಲು ಹಾಕುತ್ತಿದ್ದ.

೧೪ ಏಪ್ರಿಲ್, ಬುಧವಾರ

ಆದೆವ್ವ ಬಂದಿದ್ದಳು. ನಮ್ಮೂರಿನ ಕುರಿಗಾರರ ಮನೆಯ ಹೆಣ್ಣುಮಗಳು, ಈಗ ಪಂಚಾಯ್ತಿ ಮೆಂಬರು. ಕೂರು ಎಂದರೆ ಕುರ್ಚಿ ಬಿಟ್ಟು ಕಾಗದದ ರೀಮಿನ ಮೇಲೆ ಕೂತಳು.

"ಯಣ್ಣಾ, ನಮ್ಮೂರ ಹೆಸರು ಬಂತೇನು ನಿನ್ನ ಟೀವ್ಯಾಗ?"

"ಟೀವಿ ಅಲ್ಲವ್ವ, ಕಂಪ್ಯೂಟರು."

"ಕರೆಂಟ್ ತಿಂತದ, ಕೆಲಸ ಮಾಡಂಗಿಲ್ಲ. ಏನಂದ್ರೂ ಒಂದ" ಎಂದಳು. ಮೆಹರಬಾನು ಬಿದ್ದು ಬಿದ್ದು ನಕ್ಕಳು.

ಪುಟ ಕಟ್ಟಲಾಗದಿದ್ದರೂ ಮೂಲ ಬರಹವನ್ನು ವರ್ಡ್‌ಪ್ಯಾಡಿನಲ್ಲಿ ತೆರೆಯಬಹುದು. ಕೊನೆಯ ತನಕ ಇಳಿಸಿ ಇಳಿಸಿ ಗೋಸಲದಿನ್ನಿಯನ್ನು ತೋರಿಸಿದೆವು. ಇಂಗ್ಲಿಷ್ ಅಕ್ಷರ. ಆದೆವ್ವನಿಗೆ ಕನ್ನಡವೂ ಬಾರದು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೆಸರಿನ ಮೇಲೆ ಇಟ್ಟಳು. ಕೆಳಗಿನ ಷರಾವನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ: ಈ ತೂಬಿನಿಂದ ಊರ ಕುಡಿಯುವ ಕೆರೆ ತುಂಬುತ್ತದೆ, ನೀರು ಬರುವ ಮುಂಚೆ ಹೆಂಗಸರು ಹೂಳು ತೆಗೆಯುತ್ತಾರೆ, ತುಂಬಿದ ಮೊದಲ ಕೊಡವನ್ನು ಮನೆಗೆ ಒಯ್ಯದೆ ಕಾಲುವೆಗೇ ಸುರಿಯುತ್ತಾರೆ.

"ಇದನ್ನ ಯಾರ ಹೇಳಿದ್ರು ಅವರಿಗೆ?"

"ಹಳೇ ಲಸ್ಕರ್ ಯಾರೋ ಬರಿಸಿರಬೇಕು. ಗೇಟು ತೆಗಿಯೋರಿಗೆ ಎಲ್ಲಾ ಗೊತ್ತಿರತೈತಿ."

"ಮೊದಲನೇ ಕೊಡ ಯಾಕ ಸುರೀತೀವಿ ಅಂತ ಬರದಾರೇನು?"

"ಇಲ್ಲ."

"ಹಂಗಾರ ಅವನಿಗೂ ಗೊತ್ತಿಲ್ಲ. ಕೊಟ್ಟವ್ರಿಗೆ ಮೊದಲ ಕೊಡಬೇಕು. ಇಲ್ಲಂದ್ರ ಕೆಳಗಿನವ್ರು ಅಂತ ನಮ್ಮನ್ನ ಮರತ ಬಿಡ್ತಾರ" ಎಂದಳು.

ಹೋಗುವಾಗ ಕಂಪ್ಯೂಟರಿಗೆ ಕೈಮುಗಿದಳು. ನನಗೆ ನಗು ಬರಲಿಲ್ಲ.

೧೭ ಏಪ್ರಿಲ್, ಶನಿವಾರ

ದಿಲ್ಲಿಯಲ್ಲಿ ಸರಕಾರ ಒಂದು ಮತದಿಂದ ಬಿತ್ತು. ಇಲ್ಲಿ ರಾಯಚೂರಿನಿಂದ ತರಿಸಿದ ಮೆಮೊರಿ ಪಟ್ಟಿ ನಮ್ಮ ಯಂತ್ರದ ಸೀಳಿಗೆ ಕೂರಲಿಲ್ಲ. ಹಳೆಯ ಯಂತ್ರಕ್ಕೆ ಬೇರೆ ಪಟ್ಟಿಯಂತೆ, ಈಗ ಅದು ಬರುವುದೇ ಇಲ್ಲವಂತೆ. ಹೊಸದನ್ನು ಕೊಳ್ಳಲಿ ಎಂದು ಹಳೆಯದನ್ನು ಅನಾಥ ಮಾಡುತ್ತಾರೆ. ಇದು ವ್ಯಾಪಾರ.

೨೪ ಏಪ್ರಿಲ್, ಶನಿವಾರ

ಮೆಹರಬಾನು ಮೊಹರಂ ಎಂದು ಮುದಗಲ್ಲಿನ ಅಜ್ಜಿಯ ಮನೆಗೆ ಹೋಗಿದ್ದಾಳೆ. ನಾನೊಬ್ಬನೇ ಕೂತೆ. ಮೆಮೊರಿ ಉಳಿಯಲಿ ಎಂದು ಪರದೆಯ ಹಿನ್ನೆಲೆಚಿತ್ರ ತೆಗೆದೆ, ಗಡಿಯಾರ ತೆಗೆದೆ, ವೈರಸ್ ಕಾಯುವ ಪ್ರೋಗ್ರಾಮನ್ನೂ ತೆಗೆದೆ. ಮೆಮೊರಿ ಸಾಲದಾಗ ಹಾರ್ಡ್‌ಡಿಸ್ಕಿನ ಜಾಗವನ್ನೇ ಮೆಮೊರಿಯಂತೆ ಬಳಸುವ ಉಪಾಯವಿದೆ ಎಂದು ಪತ್ರಿಕೆಯಲ್ಲಿ ಓದಿದ್ದೆ, ಅದನ್ನೂ ಮಾಡಿದೆ. ಡಿಸ್ಕಿನ ಕೆಂಪು ದೀಪ ಬಿಡದೆ ಉರಿಯಿತು, ಒಳಗೆ ಅಕ್ಕಿ ಆರಿಸುವಂಥ ಸದ್ದು. ಮಧ್ಯಾಹ್ನದ ಹೊತ್ತಿಗೆ ಉಪಕಾಲುವೆಗಳ ಹೆಸರು ಒಂದೊಂದಾಗಿ ಪರದೆಯ ಮೇಲೆ ಬರತೊಡಗಿದವು. ವಳಕಮದಿನ್ನಿ ದಾಟಿತು.

ಕರೆಂಟು ಹೋಯಿತು. ಬ್ಯಾಟರಿ ಎರಡು ಸಲ ಕೂಗಿ ಸುಮ್ಮನಾಯಿತು.

ಕತ್ತಲಾದ ಪರದೆಯಲ್ಲಿ ನನ್ನ ಮೋರೆ ಕಂಡಿತು. ಸೆಖೆಗೆ ಬನಿಯನ್ ಮೈಗೆ ಅಂಟಿತ್ತು. ಎದ್ದು ಹೋಗಲೂ ಮನಸ್ಸಾಗಲಿಲ್ಲ. ಯಾತಕ್ಕೂ ಮನಸ್ಸಾಗಲಿಲ್ಲ.

೩ ಮೇ, ಸೋಮವಾರ. ಲಿಂಗಸೂಗೂರು

ಇಲ್ಲಿ ವೆಂಕೋಬ ಎಂಬವನು ಕಂಪ್ಯೂಟರ್ ಕಲಿಸುವ ಕೇಂದ್ರ ನಡೆಸುತ್ತಾನೆ. ಅವನಲ್ಲಿ ನಮ್ಮದಕ್ಕಿಂತ ನಾಲ್ಕು ಪಟ್ಟು ಮೆಮೊರಿಯ ಯಂತ್ರವಿದೆ. ಸಿ.ಡಿ.ಯನ್ನು ಊಟದ ಡಬ್ಬಿಯಲ್ಲಿಟ್ಟು, ಬಿಸಿಲಿಗೆ ಬಗ್ಗದಿರಲಿ ಎಂದು ಒದ್ದೆ ಟವೆಲು ಸುತ್ತಿ, ಮೆಹರಬಾನುವನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಂದೆ.

"ಕಾಕಾ, ಡಬ್ಯಾಗ ಏನದ ಅಂತ ಕಂಡಕ್ಟರ್ ಕೇಳಿದ್ರ ಏನ್ ಹೇಳ್ತೀರಿ?"

"ಕಾಲುವಿ ಐತಿ ಅಂತ ಹೇಳ್ತೀನಿ."

"ಹಂಗಾರ ಲಗೇಜ್ ಹಾಕ್ತಾನ್ರೀ."

ವೆಂಕೋಬನ ಯಂತ್ರ ಫೈಲನ್ನು ಪೂರಾ ನುಂಗಿತು. ಪುಟಗಳು ಬರತೊಡಗಿದವು! ತಲೆಗೇಟು, ಉಪಕಾಲುವೆಗಳು, ಚಂದದ ಚೌಕಟ್ಟು, ಚಿತ್ರಗಳು ಸಮೇತ. ಮೆಹರಬಾನು ಹೆಸರು ಕೂಗುತ್ತಿದ್ದಳು, ನಾನು ಎದ್ದು ನಿಂತಿದ್ದೆ. ಮಸ್ಕಿ ಬಂತು. ಅಲ್ಲಿಗೆ ನಿಂತಿತು. ಅದೇ ಸಣ್ಣ ಚೌಕ.

ಮತ್ತೊಮ್ಮೆ ಮಾಡಿದೆವು. ಮಸ್ಕಿಗೇ ನಿಂತಿತು.

"ಭಾಳ ಬಂತಲ್ರೀ ಸರ್, ಸ್ವಲ್ಪ ಉಳದದ ಅಷ್ಟ" ಎಂದ ವೆಂಕೋಬ.

ನಾನು ಅವನ ಮೇಲೆ ರೇಗಿದೆ. ಈ ಸ್ವಲ್ಪ ಎಂಬ ಮಾತನ್ನು ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ. ನೀರೂ ಮಸ್ಕಿಯ ತನಕ ಚಂದವಾಗಿ ಬರುತ್ತದೆ. ಮುಂದಿನದು ಯಾವಾಗಲೂ ಸ್ವಲ್ಪ. ಆ ಸ್ವಲ್ಪದಲ್ಲಿ ಊರುಗಳಿವೆ, ಉಪ್ಪುನೀರು ಕುಡಿದು ಹಲ್ಲು ಹಳದಿಯಾದ ಮಕ್ಕಳಿದ್ದಾರೆ. ಪಾಪ, ವೆಂಕೋಬ. ಅವನ ತಪ್ಪೇನಿತ್ತು?

೧೧ ಮೇ, ಮಂಗಳವಾರ. ಲಿಂಗಸೂಗೂರಿನಿಂದ ವಾಪಸು ಬಂದು

ಇಂದು ಗೆದ್ದೆವು.

ಮೆಹರಬಾನು ಫೈಲನ್ನು ತಿರುವಿ ಹಾಕಿದಳು. ಕೊನೆಯ ತೂಬು ಮೊದಲು, ತಲೆಗೇಟು ಕಡೆಗೆ. ಯಂತ್ರಕ್ಕೆ ಮೊದಲು ಸಿಕ್ಕದ್ದೇ ಗೋಸಲದಿನ್ನಿ! ಆ ಪುಟ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಗೆ ಬಂತು. ತೂಬಿನ ಅಳತೆ, ನೀರಿನ ಪಾಳಿ, ಕೆರೆಯ ಚಿತ್ರ, ಷರಾ, ಎಲ್ಲ. ಮೇಲಿನ ಅರ್ಧ ಮೊದಲೇ ಬಂದಿದೆ, ಕೆಳಗಿನ ಅರ್ಧ ಈಗ ಬಂತು. ಎರಡನ್ನೂ ಮಸ್ಕಿಯಲ್ಲಿ ಕೂಡಿಸಿದರೆ ಪುಸ್ತಕ.

ನೀರನ್ನೂ ಹೀಗೇ ಬಿಡಿ, ಕೊನೆಗೆ ಮೊದಲು ಕೊಡಿ ಎಂದು ಪತ್ರಿಕೆಗಳಿಗೆ ಬರೆದು ಬರೆದು ನನ್ನ ಕೂದಲು ಬೆಳ್ಳಗಾಯಿತು. ಯಾವ ಮಂತ್ರಿಗೂ ತಿಳಿಯದ್ದನ್ನು ಈ ಹುಡುಗಿ ಮೌಸಿನಲ್ಲಿ ಮಾಡಿದಳು.

ಬರುವ ದಾರಿಯಲ್ಲಿ ಮಸ್ಕಿಯಲ್ಲಿ ಬಸ್ಸಿಳಿದು, ಸಂತೆಗೆ ಬಂದಿದ್ದ ಆದೆವ್ವನ ಕೈಗೆ ಆ ಪುಟ ಕೊಟ್ಟೆ. ಅವಳು ಅದನ್ನು ಮಡಚಲಿಲ್ಲ. ಹೊಸ ಕೊಡದೊಳಗೆ ಸುರುಳಿ ಮಾಡಿ ಇಟ್ಟುಕೊಂಡಳು.

೨೦ ಮೇ, ಗುರುವಾರ. ಸಿಂಧನೂರು

ನಾವು ಕೂಡಿಸಿದ ಪುಸ್ತಕವನ್ನು ಎಂಜಿನಿಯರ್ ಸಾಹೇಬರು ನೋಡಿದರು. ಎರಡು ಅರ್ಧಗಳ ಪುಟಸಂಖ್ಯೆ ಒಂದಕ್ಕೊಂದು ಹೊಂದಿಲ್ಲ. ಮೇಲಿನ ಪುಟದಲ್ಲಿ ಕೆಳಗಿನ ಗೇಟಿನ ಪುಟ ನೋಡಿ ಎಂದಿರುವ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ. ಅದು ನಮಗೂ ಗೊತ್ತಿತ್ತು, ಕೈಯಿಂದ ತಿದ್ದುತ್ತೇವೆ ಎಂದೆವು.

"ಇದೇನ್ರಿ ಅಮರಗುಂಡಪ್ಪನವರೆ, ಕಾಲಿನ ಕಡೆಯಿಂದ ಮದುವಿ ಗಂಡಿನ ನೋಡಿದಂಗ ಮಾಡೀರಿ. ತಲಿ ಮೊದಲು ಬರಬೇಕು. ಒಂದ ಫೈಲು, ಒಂದ ಸಲ, ಸರಳ ನಂಬರು. ಮ್ಯಾಲಿನವರು ನೋಡೋದು ಮೊದಲಿನ ಹತ್ತು ಪುಟ, ತಿಳೀತಾ?"

ಅದರ ಮೇಲೆ ಹೊಸ ಸಿ.ಡಿ. ಬೇರೆ ಕೊಟ್ಟರು. ತಲೆಗೇಟಿನ ಹೊಸ ಫೋಟೋಗಳು, ಬಣ್ಣದ್ದು, ದೊಡ್ಡವು. ಮೇಲಿನ ಭಾಗ ಇನ್ನಷ್ಟು ಊದಿದೆ. ಅಂದರೆ ವೆಂಕೋಬನ ಯಂತ್ರ ಮಸ್ಕಿಯನ್ನೂ ಮುಟ್ಟಲಾರದು. ಮಾಡಿದ್ದೆಲ್ಲ ಹಾಳು.

ವಾದ ಮಾಡಿದೆ. ಗಂಟಲು ಒಣಗುವ ತನಕ ಮಾಡಿದೆ. ಸಾಹೇಬರು ಗಡಿಯಾರ ನೋಡಿಕೊಂಡರು. ಜೂನ್ ಕೊನೆಗೆ ಆಗದಿದ್ದರೆ ಕೆಲಸ ಹೈದರಾಬಾದಿಗೆ ಹೋಗುತ್ತದೆ. ಅಲ್ಲಿ ಗೋಸಲದಿನ್ನಿಯನ್ನು ಹುಡುಕುವವರು ಯಾರಿದ್ದಾರೆ? ಕೆಲಸ ನನ್ನ ಹತ್ತಿರವೇ ಇರಬೇಕು. ಹೇಗಾದರೂ ಇರಬೇಕು.

೨ ಜೂನ್, ಬುಧವಾರ

ಪತ್ರಿಕೆಯ ತುಂಬ ಕಾರ್ಗಿಲ್. ಓದಿ ಮುಗಿಸುವ ತಾಳ್ಮೆ ಇಲ್ಲ. ವೆಂಕೋಬನ ಯಂತ್ರವನ್ನು ಇಲ್ಲಿಗೇ ಬಾಡಿಗೆಗೆ ತಂದಿದ್ದೇನೆ.

ಫೈಲನ್ನು ಹಗುರ ಮಾಡಬೇಕು. ಬೇರೆ ದಾರಿಯಿಲ್ಲ. ತಲೆಗೇಟಿನ ಫೋಟೋ ಮುಟ್ಟುವ ಹಾಗಿಲ್ಲ, ಸಾಹೇಬರ ಆಜ್ಞೆ. ಹಾಗಾಗಿ ಮಸ್ಕಿಯ ಆಚೆಯ ಚಿತ್ರಗಳನ್ನು ತೆಗೆದೆ. ಚಿತ್ರ ತಾನೆ. ತೂಬು ಹೇಗಿದೆ ಎಂದು ಊರವರಿಗೆ ಚಿತ್ರ ಬೇಕೆ?

ಆದರೂ ಯಂತ್ರ ಮಸ್ಕಿಗೆ ಮುಂಚೆಯೇ ನಿಂತಿತು.

೧೦ ಜೂನ್, ಗುರುವಾರ

ಸಾಲುಗಳ ನಡುವಿನ ಖಾಲಿ ಜಾಗ ತೆಗೆದೆ. ಉದ್ದದ ಚೀಟಿ ಹೆಸರುಗಳನ್ನು ಗಿಡ್ಡ ಮಾಡಿದೆ. ಷರಾಗಳನ್ನು ತೆಗೆದೆ. ಮೇಲಿನ ಉಪಕಾಲುವೆಗಳಲ್ಲಿ ಷರಾ ಕಮ್ಮಿ. ಕೆಳಗೆ ಹೋದಂತೆ ಲಸ್ಕರುಗಳು ಮನಬಂದಂತೆ ಬರೆಸಿದ್ದಾರೆ: ಯಾರ ಹೊಲದ ಬದುವಿನ ಮೇಲೆ ದಾರಿ, ಯಾವ ಗಿಡದ ಕೆಳಗೆ ಗೇಟಿನ ಕೀಲಿ, ಯಾರು ಮೊದಲ ಕೊಡ ಸುರಿಯುತ್ತಾರೆ. ತಾಂತ್ರಿಕ ಕೈಪಿಡಿಯಲ್ಲಿ ಇದೆಲ್ಲ ಯಾಕೆ? ಇಂಥದ್ದರಿಂದಲೇ ಫೈಲು ಭಾರ.

ಹೆಂಡತಿ ಶೇಖರಮ್ಮ ಊಟಕ್ಕೆ ಕರೆಯಲು ಪ್ರೆಸ್ಸಿಗೆ ಬಂದಿದ್ದಳು. ಎಷ್ಟಾಯಿತು ಎಂದು ಕೇಳಿದಳು. ಕೊನೆಯ ಭಾಗ ಬಹಳ ಕಾಟ ಕೊಡುತ್ತಿದೆ ಎಂದೆ.

"ಯಾವದು, ನಿಮ್ಮೂರಾ?"

"ಕೊನೆಯ ಭಾಗ ಅಂದ್ನಲ್ಲ" ಎಂದೆ. ಹೆಂಗಸರಿಗೆ ಒಂದೇ ಮಾತನ್ನು ಎಷ್ಟು ಸಲ ಹೇಳಬೇಕು. ಲಿಂಗಸೂಗೂರಿನ ತೌರಿನಲ್ಲಿ ಬಾಯಿ ಮಾಡಿ ಬೆಳೆದವಳು, ಊಟಕ್ಕೂ ಕರೆಯದೆ ತಿರುಗಿ ಹೋದಳು.

೧೯ ಜೂನ್, ಶನಿವಾರ

ನಿದ್ದೆಯಿಲ್ಲ. ಅನ್ನ ಸೇರುವುದಿಲ್ಲ. ಫೈಲನ್ನು ತುಂಡು ಮಾಡಿ ನೋಡಿದೆವು, ಒಂದು ಪುಟ ಕಟ್ಟಿ ಬಿಚ್ಚುವ ನಮ್ಮ ಹಳೆಯ ಲೆಕ್ಕದಂತೆ. ಮೇಲಿನ ತುಂಡುಗಳು ಸರಾಗವಾಗಿ ಬಂದವು, ಪುಟಸಂಖ್ಯೆಯೂ ಸರಿಯಾಗಿ. ಕೊನೆಯ ತುಂಡು ಮಾತ್ರ ಆಗುವುದಿಲ್ಲ. ಮೇಲಿನ ತೂಬಿಗೆ ತನ್ನ ಲೆಕ್ಕ ಸಾಕು. ಕೊನೆಯ ತೂಬಿನ ಪಾಳಿ ಹೇಳಬೇಕಾದರೆ ಮೇಲಿನ ಪ್ರತಿಯೊಂದು ಗೇಟಿನ ಪಾಳಿಯೂ ಬೇಕು. ಅಂದರೆ ಮತ್ತೆ ಇಡೀ ಕಾಲುವೆ ಒಳಗೆ ಬರಬೇಕು, ಮತ್ತೆ ಅದೇ ಚೌಕ. ಈ ಯಂತ್ರದ ಮುಂದೆ ಕೂತು ನನ್ನ ಆಯುಷ್ಯ ಮುಗಿಯುತ್ತದೆ.

"ಕಾಕಾ, ಕೊನೀದು ನಾ ಕೈಲೆ ಟೈಪ್ ಮಾಡ್ತೀನ್ರೀ. ಪಾಳಿ ಲೆಕ್ಕ ಹಳೇ ಪ್ರಿಂಟಿನ್ಯಾಗ ಅದಾವ" ಎಂದಳು ಮೆಹರಬಾನು.

"ಎಷ್ಟ ದಿನ ಬೇಕು?"

"ಹದಿನೈದು ದಿನ. ರಜಾ ತಗಳ್ಳದಂಗ ಮಾಡ್ತೀನಿ."

"ಅಷ್ಟು ಎಲ್ಲಿ ಐತಬೇ? ಒಂದು ವಾರ ತಡ ಆದ್ರ ಸಾಹೇಬ್ರು ಕೆಲಸ ಕಸಗೊಂತಾರ."

"ಕೇಳ್ರಿ ಅವರಿಗೆ. ಹದಿನೈದು ದಿನ ಕೊಡಂಗಿಲ್ಲೇನು? ನೀವು ಕೇಳಿದ್ರ..."

ನಾನು ಕೇಳುವುದಿಲ್ಲ. ಮತ್ತೆ ಆ ಗಡಿಯಾರ ನೋಡುವ ಮನುಷ್ಯನ ಮುಂದೆ ನಿಲ್ಲಲಾರೆ. ಕೊನೆಯ ಭಾಗವನ್ನು ಆಮೇಲೆ ಅನುಬಂಧವಾಗಿ ತಂದರಾಯಿತು. ಎಷ್ಟೋ ದೊಡ್ಡ ಗ್ರಂಥಗಳಿಗೆ ಅನುಬಂಧವಿರುತ್ತದೆ. ಇದರಲ್ಲಿ ಅವಮಾನವೇನೂ ಇಲ್ಲ.

೨೬ ಜೂನ್, ಶನಿವಾರ

ಮುಗಿಯಿತು.

ಮಸ್ಕಿಯ ಆಚೆಯದನ್ನು ಆರಿಸಿ ಕಪ್ಪು ಮಾಡಿಟ್ಟು, ಡಿಲೀಟ್ ಒತ್ತು ಎಂದೆ. ಮೆಹರಬಾನು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ನೀವ ಒತ್ರಿ ಕಾಕಾ."

"ಯಾಕ, ಬೆರಳು ಸವೀತದೇನು?"

"ನಮ್ಮಪ್ಪ ಕಟ್ಟಿದ ಪುಟ ಬಿಚ್ಚೋವಾಗ ಒಂದ ಸಲ ಓದಿ ಬಿಚ್ತಿದ್ದ. ನನಗ ಇದನ್ನ ಓದಕ ಆಗವಲ್ದು" ಎಂದಳು.

ಆಮೇಲೆ ತಲೆನೋವು ಎಂದು ಬೇಗ ಮನೆಗೆ ಹೋದಳು. ನಾನೇ ಒತ್ತಿದೆ. ಒಂದು ಗುಂಡಿ ಅಷ್ಟೆ. ಯಂತ್ರ ಓಡಿತು. ಒಂದೇ ಫೈಲು, ಒಂದೇ ಸಲ, ಸರಳ ನಂಬರು. ಎಲ್ಲಿಯೂ ಆ ಚೌಕ ಬರಲಿಲ್ಲ. ತಿಂಗಳುಗಳ ನಂತರ ಉಸಿರು ಪೂರಾ ಹೊರಗೆ ಬಂತು.

ಒಂದು ತೂಬಿಗಾಗಿ ಇಡೀ ಕಾಲುವೆಯ ಪುಸ್ತಕವನ್ನು ತಡೆಹಿಡಿಯುವುದು ಸರಿಯೆ? ಯಾರಾದರೂ ಹೇಳಲಿ.

೫ ಜುಲೈ, ಸೋಮವಾರ

ಪುಸ್ತಕಗಳನ್ನು ಕೊಟ್ಟು ಬಂದೆ. ಸಾಹೇಬರು ಕುರ್ಚಿ ಕೊಟ್ಟು ಕೂರಿಸಿದರು, ಮೊದಲ ಹತ್ತು ಪುಟ ತಿರುವಿದರು. "ಕ್ಲಾಸ್ ಆಗ್ಯಾದ" ಎಂದರು. ಕೊನೆಯ ಭಾಗ ಅನುಬಂಧದಲ್ಲಿ ಬರುತ್ತದೆ ಎಂದು ಹೇಳಿದೆ. "ಆಗ್ಲಿ ಆಗ್ಲಿ, ಮುಂದ ನೋಡೋಣ" ಎಂದರು. ಚಹಾ ಚೆನ್ನಾಗಿತ್ತು.

ಅವರು ಅಂಥ ಕೆಟ್ಟ ಮನುಷ್ಯರೇನಲ್ಲ.

೧೩ ಜುಲೈ, ಮಂಗಳವಾರ

ತಾಲೂಕಿನ ಮತದಾರರ ಪಟ್ಟಿಯ ಕೆಲಸ ಬರುವ ಹಾಗಿದೆ. ದೊಡ್ಡ ಫೈಲು. ಡಿಸ್ಕಿನಲ್ಲಿ ಜಾಗವಿರಲಿಲ್ಲ. ಅಚ್ಚಾದದ್ದೊಂದನ್ನು ಬಿಟ್ಟು ಕಾಲುವೆಯ ಹಳೆಯ ಫೈಲುಗಳನ್ನೆಲ್ಲ ತೆಗೆದೆ. ಸಿ.ಡಿ.ಗಳನ್ನು ಆಫೀಸಿಗೆ ವಾಪಸು ಕೊಟ್ಟಾಗಿದೆ. ಯಂತ್ರ ಈಗ ಹಗುರ.

ಮೆಹರಬಾನು ಈಗ ಮಾತಾಡುವುದು ಕಮ್ಮಿ. ಅಪ್ಪನ ಹಾಗೆ.

೨೨ ಜುಲೈ, ಗುರುವಾರ

ಕಾಲುವೆಗೆ ನೀರು ಬಿಟ್ಟು ನಾಲ್ಕಾರು ದಿನವಾಯಿತು. ಮಧ್ಯಾಹ್ನ ಮನೆಗೆ ಗೋಸಲದಿನ್ನಿಯ ಪಂಚಾಯ್ತಿ ಮೆಂಬರು ಬಂದಿದ್ದಳು. ಕೈಯಲ್ಲಿ ಖಾಲಿ ಕೊಡ, ಅದರೊಳಗೆ ಒಂದು ಸುರುಳಿ ಕಾಗದ. ಕಾಲಿಗೆ ಕೆಸರಿಲ್ಲ, ಬರೀ ಧೂಳು. ಜಗಲಿಯ ಮೇಲೆ ಕೂತಳು.

"ತೂಬಿಗೆ ಸಿಮಿಟಿ ಹಾಕಿ ಹೋದ್ರು" ಎಂದಳು. "ಮೊನ್ನೆನ ಹೂಳ ತಗದಿದ್ವಿ. ಹೆಂಗಸರು ಕೊಡ ಹಿಡದು ದಂಡೀಮ್ಯಾಲೆ ನಿಂತಿದ್ವಿ. ನೀರು ನಮ್ಮ ಕಣ್ಣ ಮುಂದ ಬಂತು. ಪುಸ್ತಕದಾಗ ಇಲ್ಲ ಅಂದ್ರು. ಐತಿ ಅಂತ ಈ ಹಾಳಿ ತೋರಿಸಿದೆ. ಇದು ಪುಸ್ತಕ ಅಲ್ಲ, ಹಾಳಿ ಅಂದ್ರು."

ಅನುಬಂಧದ ವಿಷಯ ಹೇಳಿದೆ. ಫೈಲಿನ ಭಾರ, ಮೆಮೊರಿ, ಎಲ್ಲವನ್ನೂ ತಾಳ್ಮೆಯಿಂದ ತಿಳಿಸಿದೆ. ಅವಳಿಗೆ ಅರ್ಥವಾದ ಹಾಗೆ ಕಾಣಲಿಲ್ಲ.

"ಯಣ್ಣಾ, ನಿಮ್ಮಪ್ಪ ಇದ ತೂಬಿನ ಸಲುವಾಗಿ ಚಪ್ಪಲಿ ಸವಿಸಿದ್ನಲ್ಲ. ನಮ್ಮದು ಯಾವಾಗ ಆಗತೈತಿ, ಅದೊಂದ ಹೇಳು."

"ಹಿಂಗ ಒಮ್ಮೆಲೆ ಬಂದು ಕುಂತ್ರ ಹೆಂಗವ್ವ? ಮೊದಲ ಮ್ಯಾಲಿನವ್ರದ್ದು ಆಗ್ಲಿ" ಎಂದೆ. "ಉಳದ್ರ ನಿಮ್ಮದು ನೋಡೋಣ."

ಒಳಗೆ ಪಾತ್ರೆಯ ಸದ್ದು ನಿಂತಿತು. ಶೇಖರಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಂದವಳಿಗೆಂದು ತಂದ ನೀರಿನ ಚರಿಗೆ. ಆ ಹೆಂಗಸು ಎದ್ದು ಚರಿಗೆ ಈಸಿಕೊಂಡಳು. ಅಷ್ಟು ದೂರ ಬಿಸಿಲಲ್ಲಿ ಬಂದವಳು ಗಟಗಟ ಕುಡಿಯುತ್ತಾಳೆ ಎಂದುಕೊಂಡೆ. ಕುಡಿಯಲಿಲ್ಲ. ಜಗಲಿಯ ಮೂಲೆಯಲ್ಲಿದ್ದ ನಮ್ಮ ಕುಡಿಯುವ ನೀರಿನ ಹರವಿಯ ಮುಚ್ಚಳ ತೆಗೆದು, ನೀರನ್ನು ಒಂದು ಹನಿ ಚೆಲ್ಲದಂತೆ ಅದಕ್ಕೇ ವಾಪಸು ಸುರಿದು, ಮುಚ್ಚಿ, ಖಾಲಿ ಕೊಡ ಎತ್ತಿಕೊಂಡು ಹೋದಳು. ಕಾಗದ ಜಗಲಿಯ ಮೇಲೆಯೇ ಉಳಿಯಿತು.

ಯಾಕೆ ಹಾಗೆ ಮಾಡಿದಳೋ. ಅಂಥದ್ದೊಂದು ಪದ್ಧತಿ ಆ ಕಡೆ ಇರಬೇಕು, ಎಲ್ಲೋ ಓದಿದ ನೆನಪು. ಸಂಜೆ ಪ್ರೆಸ್ಸಿಗೆ ಹೋಗಿ ಕಾಲುವೆಯ ಫೈಲಿನಲ್ಲಿ ಹುಡುಕಿದೆ. ಫೈಲು ಕ್ಷಣದಲ್ಲಿ ತೆರೆಯಿತು, ಮೊದಲಿನಿಂದ ಕೊನೆಯ ತನಕ ಎಲ್ಲಿಯೂ ತಡೆಯದೆ ಓಡಿತು. ಸಿಗಲಿಲ್ಲ.